ಕಡಿಮೆ ಓಡುವ ಕಾರ್ಟ್ರಿಜ್‌ಗಳ ಬಗ್ಗೆ ನಮ್ಮ ಗ್ರಾಹಕರಿಗೆ

ಪ್ರಿಯ ಗ್ರಾಹಕರೇ, ಸದಸ್ಯರೇ,

ನೇರವಾಗಿ ವಿಷಯಕ್ಕೆ ಬರುತ್ತೇವೆ. ಮುಂದಿನ ತಿಂಗಳಿಂದ ಪಿಸ್ತೂಲು, ರಿವಾಲ್ವರುಗಳ ಕಾರ್ಟ್ರಿಜ್‌ಗಳಲ್ಲಿ (ಕೇಸು, ಮದ್ದು, ಗುಂಡು ಸೇರಿದ ತೋಟಾ) ಕಡಿಮೆ ಮಾರಾಟವಾಗುವ .357 ಸಿಗ್, .327 ಫೆಡರಲ್ ಮ್ಯಾಗ್ನಮ್, .41 ಮ್ಯಾಗ್ನಮ್ ಮತ್ತು .45 ಗ್ಯಾಪ್, ಈ ನಾಲ್ಕು ನಮ್ಮ ಕಪಾಟಿನಲ್ಲಿ ಬಿಡಿ ಡಬ್ಬಿಗಳಾಗಿ ಸಿಗುವುದಿಲ್ಲ. ವರ್ಷಕ್ಕೆ ಎರಡು ಸಲ, ಮೊದಲೇ ಹೆಸರು ಬರೆಸಿದವರಿಗೆ ಒಟ್ಟಿಗೆ ತರಿಸಿ ಕೊಡುತ್ತೇವೆ. 9 ಎಂಎಂ, .38 ಸ್ಪೆಷಲ್, .357 ಮ್ಯಾಗ್ನಮ್, .40, .45 ಎಸಿಪಿ ಎಂದಿನಂತೆ ಇರುತ್ತವೆ. ಅವುಗಳಲ್ಲಿ ಏನೂ ಬದಲಾಗಿಲ್ಲ.

ಇದರಿಂದ ನಿಮ್ಮಲ್ಲಿ ಕೆಲವರಿಗೆ ತೊಂದರೆ ಆಗುತ್ತದೆ. ಶನಿವಾರ ಬೆಳಿಗ್ಗೆ ರೇಂಜಿಗೆ ಹೋಗುವ ದಾರಿಯಲ್ಲಿ ಒಂದು ಡಬ್ಬಿ ಎತ್ತಿಕೊಂಡು ಹೋಗುವ ಅಭ್ಯಾಸ ಇದ್ದವರಿಗೆ ಈಗ ಆರು ತಿಂಗಳ ಲೆಕ್ಕ ಹಾಕಬೇಕಾಗುತ್ತದೆ. ಅದಕ್ಕೆ ಮನಸ್ಸಿನಿಂದ ಕ್ಷಮೆ ಕೇಳುತ್ತೇವೆ. ಆದರೆ ಈ ಬದಲಾವಣೆ ಮಾಡದಿದ್ದರೆ ಈ ನಾಲ್ಕನ್ನೂ ಪೂರ್ತಿ ನಿಲ್ಲಿಸಬೇಕಾಗುತ್ತಿತ್ತು. ಬೇರೆ ಎಷ್ಟೋ ಅಂಗಡಿಗಳು ಸದ್ದಿಲ್ಲದೆ ಅದನ್ನೇ ಮಾಡಿವೆ. ನಾವು ಮಾಡಿಲ್ಲ, ಮಾಡುವುದೂ ಇಲ್ಲ.

ಈಗ, ಕೌಂಟರಿನಲ್ಲಿ ನಮಗೆ ದಿನಾ ಎನ್ನುವಷ್ಟು ಕೇಳಿಬರುವ ಮಾತು: "ಅದೇ ಹಿತ್ತಾಳೆ, ಅದೇ ಸೀಸ, ಅದೇ ಮದ್ದು. 9 ಎಂಎಂಗಿಂತ .357 ಸಿಗ್‌ಗೆ ಯಾಕೆ ಇಷ್ಟು ಜಾಸ್ತಿ? ಅಪರೂಪದ ಮಾಲು ಅಂತ ನೀವು ಮೇಲೆ ಹಾಕ್ತಿದ್ದೀರಿ, ಅಲ್ವಾ?"

ಇಲ್ಲ. ಇದಕ್ಕೆ ಸ್ವಲ್ಪ ವಿವರವಾಗಿಯೇ ಉತ್ತರ ಕೊಡುತ್ತೇವೆ. ಯಾಕೆಂದರೆ ಈ ಮಾತು ನಿಜಕ್ಕೂ ನೋವು ಕೊಟ್ಟಿದೆ.

ಎರಡೂ ಕಾರ್ಟ್ರಿಜ್‌ಗಳನ್ನು ಅಂಗೈ ಮೇಲೆ ಪಕ್ಕಪಕ್ಕ ಇಟ್ಟು ನೋಡಿ. 9 ಎಂಎಂ ಕೇಸು (ಮದ್ದು, ಗುಂಡು ಹಿಡಿದಿಡುವ ಹಿತ್ತಾಳೆಯ ಕೊಳವೆ) ಬುಡದಿಂದ ಬಾಯಿಯವರೆಗೆ ಹೆಚ್ಚುಕಮ್ಮಿ ನೇರ. .357 ಸಿಗ್ ಬುಡದಲ್ಲಿ .40ರಷ್ಟೇ ದಪ್ಪ. ಮೇಲೆ ಹೋಗುತ್ತಾ ಭುಜದಂತೆ ಇಳಿದು, ಸಣ್ಣ ಕುತ್ತಿಗೆಯಾಗಿ, ಅದರಲ್ಲಿ 9 ಎಂಎಂ ಅಳತೆಯ ಗುಂಡು ಕೂತಿರುತ್ತದೆ. ಆ ಭುಜ ಮತ್ತು ಕುತ್ತಿಗೆ ಮಾಡಲು ಕಾರ್ಖಾನೆಯಲ್ಲಿ ಒಂದು ಹೆಜ್ಜೆ ಜಾಸ್ತಿ. ಆದರೆ ಅದು ಸಣ್ಣ ಖರ್ಚು. ದೊಡ್ಡ ಖರ್ಚು ಯಂತ್ರ ನಿಲ್ಲಿಸುವುದರಲ್ಲಿದೆ. 9 ಎಂಎಂ ಲೈನು ಹಗಲು ರಾತ್ರಿ ಓಡುತ್ತಲೇ ಇರುತ್ತದೆ. ಕಡಿಮೆ ಓಡುವ ಕಾರ್ಟ್ರಿಜ್ ಮಾಡಬೇಕಾದರೆ ಲೈನು ನಿಲ್ಲಿಸಿ, ಡೈಗಳನ್ನು (ಅಚ್ಚುಗಳನ್ನು) ಬಿಚ್ಚಿ, ಬೇರೆ ಡೈ ಕೂರಿಸಿ, ಅಳತೆ ಹೊಂದಿಸಿ, ಮೊದಲ ಕಂತಿನ ಒತ್ತಡ ಪರೀಕ್ಷೆ ಮಾಡಿ, ಆಮೇಲೆ ಶುರು ಮಾಡಬೇಕು. ಅಮೆರಿಕದ ಬಂದೂಕು, ಗುಂಡು ತಯಾರಕರ ಸಂಸ್ಥೆ ಸಾಮಿಯ ಮಾನದಂಡದ ಪ್ರಕಾರ 9 ಎಂಎಂನ ಗರಿಷ್ಠ ಒತ್ತಡ 35,000 ಪಿಎಸ್‌ಐ (ಚದರ ಇಂಚಿಗೆ ಪೌಂಡ್), .357 ಸಿಗ್‌ನದು 40,000. ಅಲ್ಲಿ ಉಡಾಫೆ ನಡೆಯುವುದಿಲ್ಲ. ಇಷ್ಟೆಲ್ಲ ಸಿದ್ಧತೆಯ ಖರ್ಚು ಕೋಟಿ ಕಾರ್ಟ್ರಿಜ್‌ಗಳ ಮೇಲೆ ಹಂಚಿಹೋದರೆ ಗೊತ್ತೇ ಆಗುವುದಿಲ್ಲ. ಕೆಲವೇ ಲಕ್ಷದ ಮೇಲೆ ಬಿದ್ದರೆ ಪ್ರತಿ ಡಬ್ಬಿಯಲ್ಲೂ ಕಾಣುತ್ತದೆ.

ಆಮೇಲೆ ಸಾಗಣೆ. ಕಾರ್ಟ್ರಿಜ್ ಎಂದರೆ ಅಪಾಯಕಾರಿ ಸರಕು. ಯುಎನ್ 0012, ವರ್ಗ 1.4ಎಸ್ ಎಂದು ಬರೆದೇ ಕಳಿಸಬೇಕು. ಎಲ್ಲ ಲಾರಿಯವರೂ ಒಯ್ಯುವುದಿಲ್ಲ. ನಾಲ್ಕು ಪೆಟ್ಟಿಗೆ ತರಿಸಿದರೂ ಕಾಗದಪತ್ರದ ಕೆಲಸ ಅಷ್ಟೇ, ನಲವತ್ತು ತರಿಸಿದರೂ ಅಷ್ಟೇ. ಇನ್ನು ದಾಸ್ತಾನು. ನಮ್ಮ ಲೈಸೆನ್ಸಿನಲ್ಲಿ ಇಷ್ಟೇ ಇಡಬಹುದು ಎಂದು ಮಿತಿ ಇದೆ. ಒಂದು ವರ್ಷ ಧೂಳು ಹಿಡಿದು ಕೂತ .45 ಗ್ಯಾಪ್ ಡಬ್ಬಿ, ವಾರದಲ್ಲಿ ಖಾಲಿಯಾಗುವ 9 ಎಂಎಂ ಡಬ್ಬಿಯ ಜಾಗ ತಿಂದಿರುತ್ತದೆ. ಹಾಕಿದ ದುಡ್ಡೂ ಅಲ್ಲೇ ಕೂತಿರುತ್ತದೆ. ಇದರ ಮೇಲೆ 2020-21ರ ಅಭಾವ, 2022ರಿಂದ ಫಿರಂಗಿ ಮದ್ದಿಗೆ ಹೆಚ್ಚಿದ ಬೇಡಿಕೆಯಿಂದ ಮದ್ದಿನ ಮೂಲವಸ್ತು ನೈಟ್ರೋಸೆಲ್ಯುಲೋಸ್‌ಗೆ ಆದ ಎಳೆದಾಟ. ಕಚ್ಚಾ ವಸ್ತು ಕಡಿಮೆ ಬಿದ್ದಾಗ ಕಾರ್ಖಾನೆಗಳು ಮೊದಲು ಕೈಬಿಡುವುದು ಕಡಿಮೆ ಓಡುವ ಮಾಲನ್ನೇ. ಈ ಕಾರ್ಟ್ರಿಜ್‌ಗಳಲ್ಲಿ ನಮಗೆ ಉಳಿಯುವ ಪಾಲು 9 ಎಂಎಂನಲ್ಲಿ ಉಳಿಯುವುದಕ್ಕಿಂತ ಕಡಿಮೆ. ಸದಸ್ಯರು ಯಾವಾಗ ಬೇಕಾದರೂ ಲೆಕ್ಕದ ಪುಸ್ತಕ ನೋಡಬಹುದು. ನಾವೇ ಮೇಜಿನ ಮೇಲೆ ತೆರೆದಿಡುತ್ತೇವೆ.

ಎರಡನೆಯ ಪ್ರಶ್ನೆ ಇದಕ್ಕಿಂತ ಮುಖ್ಯ. "ಹಾಗಾದರೆ ಇಂಥ ಕಾರ್ಟ್ರಿಜ್‌ನ ಪಿಸ್ತೂಲು ಕೊಳ್ಳುವುದೇ ತಪ್ಪಾ?" ತಪ್ಪಲ್ಲ. ಆದರೆ ಕೊಳ್ಳುವ ಮೊದಲು ಒಂದು ವಿಷಯ ನೋಡಲೇಬೇಕು: ಆ ಕಾರ್ಟ್ರಿಜ್ ಯಾರ ಬಲದ ಮೇಲೆ ನಿಂತಿದೆ?

.45 ಗ್ಯಾಪ್ ನೋಡಿ. 2003ರಲ್ಲಿ ಪಿಸ್ತೂಲು ಕಂಪನಿ ಗ್ಲಾಕ್ ಮತ್ತು ಗುಂಡಿನ ಕಂಪನಿ ಸ್ಪೀರ್ ಸೇರಿ ತಂದದ್ದು. .45 ಎಸಿಪಿಯ ಗುಂಡನ್ನೇ ಗಿಡ್ಡ ಕೇಸಿನಲ್ಲಿ ಕೂರಿಸಿ, ಹಿಡಿಕೆ ಸಣ್ಣದಾಗುವಂತೆ ಮಾಡಿದ್ದರು. ಒಳ್ಳೆಯ ಆಲೋಚನೆ. ನ್ಯೂಯಾರ್ಕ್, ಪೆನ್ಸಿಲ್ವೇನಿಯಾ, ಜಾರ್ಜಿಯಾದ ರಾಜ್ಯ ಪೊಲೀಸರು ತೆಗೆದುಕೊಂಡರು. ಗ್ಲಾಕ್‌ನಂಥ ಹೆಸರು ಬೆನ್ನಿಗಿತ್ತು. ಆಮೇಲೆ ಆ ಇಲಾಖೆಗಳು ಒಂದೊಂದಾಗಿ ಬೇರೆ ಕಾರ್ಟ್ರಿಜ್‌ಗೆ ಹೋದವು. ಹಿಂದೆ ಉಳಿದವರು ಕೆಲವೇ ಮಾಲೀಕರು. ಇಲಾಖೆಯ ಆರ್ಡರ್ ಒಂದನ್ನೇ ನಂಬಿದ ಕಾರ್ಟ್ರಿಜ್, ಆ ಆರ್ಡರ್ ನಿಂತ ಮೇಲೆ ಚೇತರಿಸಿಕೊಳ್ಳುವುದು ಕಷ್ಟ. ಹೊಸದಾಗಿ ಯಾರಾದರೂ .45 ಗ್ಯಾಪ್ ಕೇಳಿದರೆ ನಾವು ಬೇಡ ಎಂದೇ ಹೇಳುತ್ತೇವೆ. ಈಗಾಗಲೇ ಇಟ್ಟುಕೊಂಡವರು ಮತ್ತೆ ತುಂಬಿಕೊಳ್ಳಲು (ರೀಲೋಡಿಂಗ್) ಖಾಲಿ ಕೇಸುಗಳನ್ನು ಜೋಪಾನ ಮಾಡಿ. ಅದಕ್ಕೆ ಸಣ್ಣ ಪ್ರೈಮರ್ (ಕೇಸಿನ ಬುಡದಲ್ಲಿ ಕೂತು ಮದ್ದಿಗೆ ಕಿಡಿ ಕೊಡುವ ಪುಟ್ಟ ಬಟ್ಟಲು). .45 ಎಸಿಪಿ ಕೇಸುಗಳಲ್ಲಿ ಹೆಚ್ಚಿನವಕ್ಕೆ ದೊಡ್ಡ ಪ್ರೈಮರ್. ಎರಡೂ ಒಂದೇ ಬಕೆಟ್ಟಿನಲ್ಲಿ ಬೆರೆತರೆ ರೀಲೋಡಿಂಗ್ ಪ್ರೆಸ್ ಮಧ್ಯದಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ.

.41 ಮ್ಯಾಗ್ನಮ್ ಕತೆ ಇದಕ್ಕೆ ಉಲ್ಟಾ. 1964ರಲ್ಲಿ ಬಂತು. ಕೆಳಗೆ .357 ಮ್ಯಾಗ್ನಮ್, ಮೇಲೆ .44 ಮ್ಯಾಗ್ನಮ್, ನಡುವೆ ಇದು. ಪೊಲೀಸರಿಗೆ ಎಂದು ತಂದದ್ದು, ಪೊಲೀಸರು ಹೆಚ್ಚೇನೂ ಒಪ್ಪಲಿಲ್ಲ. ಆದರೂ ಅರವತ್ತು ವರ್ಷ ದಾಟಿ ಬದುಕಿದೆ. ಯಾಕೆಂದರೆ ಅದನ್ನು ಹಿಡಿದುಕೊಂಡವರು ಬೇಟೆಗಾರರು, ತಾವೇ ಕೇಸು ತುಂಬಿಕೊಳ್ಳುವವರು. ಗುಂಪು ಚಿಕ್ಕದು, ಆದರೆ ಬಿಟ್ಟುಹೋಗುವ ಗುಂಪಲ್ಲ. ರೀಲೋಡಿಂಗ್ ಮಾಡುವವರಿಗೆ .41 ಧೈರ್ಯವಾಗಿ ಕೊಳ್ಳಿ ಎನ್ನುತ್ತೇವೆ. ಮಾಡದವರಿಗೆ ಹಾಗೆ ಹೇಳುವುದಿಲ್ಲ.

.327 ಫೆಡರಲ್ ಬಗ್ಗೆ ನಮಗೆ ವೈಯಕ್ತಿಕವಾಗಿ ತುಂಬಾ ಪ್ರೀತಿ. ಸಣ್ಣ ರೂಗರ್ ಎಸ್‌ಪಿ101 ರಿವಾಲ್ವರಿನಲ್ಲಿ .357 ಮ್ಯಾಗ್ನಮ್ ಆದರೆ ಐದು, ಇದಾದರೆ ಆರು ಹಿಡಿಯುತ್ತದೆ. ಅದೇ ರಿವಾಲ್ವರಿನಲ್ಲಿ .32 ಎಚ್ ಆ್ಯಂಡ್ ಆರ್ ಮ್ಯಾಗ್ನಮ್, .32 ಎಸ್ ಆ್ಯಂಡ್ ಡಬ್ಲ್ಯೂ ಲಾಂಗ್ ಎರಡೂ ಹಾರಿಸಬಹುದು. .32 ಲಾಂಗ್ 1896ರಿಂದ ಇದೆ. ಒದೆತ ಬಹಳ ಕಡಿಮೆ, ಹೊಸಬರ ಕೈಗೂ ಹಿತ. ಅಂದರೆ .327 ಡಬ್ಬಿ ಸಿಗದ ತಿಂಗಳಲ್ಲೂ ರಿವಾಲ್ವರ್ ಸುಮ್ನೆ ಕೂರುವುದಿಲ್ಲ. .32 ಲಾಂಗ್ ಬಿಡಿಯಾಗಿ ಕಪಾಟಿನಲ್ಲೇ ಇರುತ್ತದೆ, ಅದನ್ನು ತೆಗೆದಿಲ್ಲ.

ಇನ್ನು .357 ಸಿಗ್. ಅತಿ ಹೆಚ್ಚು ಫೋನು ಬಂದಿರುವುದು ಇದರ ಬಗ್ಗೆಯೇ.

1994ರಲ್ಲಿ ಬಂದ ಈ ಕಾರ್ಟ್ರಿಜ್‌ನ ಗುರಿ ಸ್ಪಷ್ಟವಾಗಿತ್ತು. .357 ಮ್ಯಾಗ್ನಮ್ ರಿವಾಲ್ವರಿನ ಹೆಸರಾಂತ 125 ಗ್ರೇನ್ (ಸುಮಾರು 8 ಗ್ರಾಂ) ಗುಂಡಿನ ವೇಗವನ್ನು ಪಿಸ್ತೂಲಿನಲ್ಲಿ ಕೊಡುವುದು. ಸೆಕೆಂಡಿಗೆ ಸುಮಾರು 1,350 ಅಡಿ. ಅದೇ ತೂಕದ ಸಾಮಾನ್ಯ 9 ಎಂಎಂ ಗುಂಡು 1,150ರ ಆಸುಪಾಸಿನಲ್ಲಿರುತ್ತದೆ. ಅಮೆರಿಕದ ಸೀಕ್ರೆಟ್ ಸರ್ವಿಸ್, ಟೆಕ್ಸಸ್‌ನ ರಾಜ್ಯ ಪೊಲೀಸರು ವರ್ಷಗಟ್ಟಲೆ ಇದನ್ನೇ ಹೊತ್ತರು. ಕುತ್ತಿಗೆ ಸಣ್ಣ, ಚೇಂಬರಿನ (ಬ್ಯಾರೆಲ್ಲಿನಲ್ಲಿ ಕಾರ್ಟ್ರಿಜ್ ಕೂರುವ ಜಾಗದ) ಬಾಯಿ ದೊಡ್ಡದು. ಹಾಗಾಗಿ ಮ್ಯಾಗಜೀನಿನಿಂದ ಸಲೀಸಾಗಿ ಒಳಗೆ ಹೋಗುತ್ತದೆ. ಇದು ನಾವು ಕೌಂಟರಿನಲ್ಲಿ ಹೊಗಳಿದ ಗುಣ, ಇವತ್ತೂ ಹೊಗಳುತ್ತೇವೆ.

ಆದರೆ ಈ ಹತ್ತು ವರ್ಷಗಳಲ್ಲಿ ಗಾಳಿ ತಿರುಗಿದೆ. 9 ಎಂಎಂನ ಹಾಲೋ ಪಾಯಿಂಟ್ (ತುದಿ ಟೊಳ್ಳಾದ, ತಗುಲಿದಾಗ ಅರಳುವ) ಗುಂಡುಗಳು ತುಂಬಾ ಸುಧಾರಿಸಿದವು. ತನ್ನವರೇ ಪ್ರಾಣ ಕಳೆದುಕೊಂಡ 1986ರ ಮಯಾಮಿ ಗುಂಡಿನ ಕಾಳಗದ ನಂತರ 10 ಎಂಎಂ, ಆಮೇಲೆ .40 ಎಂದು ಹೊರಟಿದ್ದ ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐ ಮತ್ತೆ 9 ಎಂಎಂಗೆ ಬಂತು. ಸೀಕ್ರೆಟ್ ಸರ್ವಿಸ್ ಕೂಡ ಬಂತು. .357 ಸಿಗ್ ಸದ್ದು ಜೋರು, ಬಾಯಿಯ ಬೆಂಕಿ ಜೋರು, ಒದೆತವೂ ಹೆಚ್ಚು. ಇಲಾಖೆಗಳ ಆಧಾರ ಇಲ್ಲದೆ ಇದು ಈಗ ಇಷ್ಟಪಡುವವರ ಕೈಯಲ್ಲಿ ಮಾತ್ರ ಉಳಿದಿದೆ.

ಹಾಗಿದ್ದರೂ ಇದು .45 ಗ್ಯಾಪ್‌ನಂತೆ ಒಂಟಿಯಲ್ಲ. .40 ಪಿಸ್ತೂಲುಗಳಲ್ಲಿ ಹೆಚ್ಚಿನವಕ್ಕೆ ಬ್ಯಾರೆಲ್ ಒಂದನ್ನು ಬದಲಿಸಿದರೆ ಸಾಕು, .357 ಸಿಗ್ ಆಗುತ್ತದೆ. ಮ್ಯಾಗಜೀನ್ ಅದೇ ನಡೆಯುತ್ತದೆ. ಆದ್ದರಿಂದ ನಮ್ಮ ಸಲಹೆ ಹೀಗಿದೆ. ನಿಮ್ಮ ಹತ್ತಿರ .40 ಇದ್ದರೆ ಒಂದು ಬ್ಯಾರೆಲ್ ಕೊಳ್ಳಿ, ಸಂತೋಷವಾಗಿ ಹಾರಿಸಿ. ಅಭ್ಯಾಸಕ್ಕೆ .40, ಇಷ್ಟಕ್ಕೆ .357 ಸಿಗ್. ಮೊದಲ ಪಿಸ್ತೂಲು, ಇರುವ ಒಂದೇ ಪಿಸ್ತೂಲು ಅದಾಗಬೇಕು ಎಂದು ಬಂದವರಿಗೆ ಮಾತ್ರ ನಾವು 9 ಎಂಎಂ ತೋರಿಸುತ್ತೇವೆ. ಆಯ್ಕೆ ನಿಮ್ಮದು. ಆದರೂ .357 ಸಿಗ್ ಬೇಕು ಎಂದರೆ, ವರ್ಷಕ್ಕೆ ಬೇಕಾಗುವಷ್ಟು ಗುಂಡಿನ ಪಟ್ಟಿಗೆ ಮೊದಲು ಹೆಸರು ಬರೆಸಿ, ಆಮೇಲೆ ಪಿಸ್ತೂಲು ಎನ್ನುತ್ತೇವೆ. ಒಂದು ಮಾರಾಟ ಕೈತಪ್ಪಿದರೂ ಪರವಾಗಿಲ್ಲ.

.40 ಕೇಸನ್ನೇ ಒತ್ತಿ .357 ಸಿಗ್ ಮಾಡಿಕೊಳ್ಳಬಹುದಲ್ಲ ಎಂದು ಕೆಲವರು ಕೇಳಿದ್ದಾರೆ. ದಯವಿಟ್ಟು ಬೇಡ. .40 ಕೇಸು 0.850 ಇಂಚು, .357 ಸಿಗ್ ಕೇಸು 0.865 ಇಂಚು. ಮೊದಲೇ ಗಿಡ್ಡವಾಗಿರುವ ಕುತ್ತಿಗೆ ಇನ್ನೂ ಗಿಡ್ಡವಾಗುತ್ತದೆ, ಗುಂಡಿನ ಮೇಲಿನ ಹಿಡಿತ ಕಡಿಮೆಯಾಗುತ್ತದೆ. ಗುಂಡು ಒಳಗೆ ಜಾರಿದರೆ ಒತ್ತಡ ಏರುತ್ತದೆ. ಅದೇ ಕಾರಣಕ್ಕೆ ಕಾರ್ಖಾನೆಯ ಕಾರ್ಟ್ರಿಜ್ ಆದರೂ ಒಂದನ್ನೇ ಮತ್ತೆ ಮತ್ತೆ ಚೇಂಬರಿಗೆ ಹಾಕಿ ತೆಗೆಯಬೇಡಿ. ಹೊಸದೊಂದರ ಪಕ್ಕದಲ್ಲಿ ನಿಲ್ಲಿಸಿ ಉದ್ದ ಹೋಲಿಸಿ. ಗಿಡ್ಡ ಕಂಡರೆ ನಮಗೆ ತಂದುಕೊಡಿ.

"ಇವೆಲ್ಲ ಸಾಯುವ ಕಾರ್ಟ್ರಿಜ್‌ಗಳು, ಬಿಟ್ಟುಬಿಡಿ" ಎನ್ನುವವರಿಗೂ ಒಂದು ಮಾತು. 10 ಎಂಎಂ 1983ರಲ್ಲಿ ಬ್ರೆನ್ ಟೆನ್ ಪಿಸ್ತೂಲಿನ ಜತೆ ಬಂತು. ಆ ಪಿಸ್ತೂಲು ಮಾಡಿದ ಕಂಪನಿ 1986ರಲ್ಲೇ ಮುಚ್ಚಿಹೋಯಿತು. ಎಫ್‌ಬಿಐ ಹಿಡಿದು ಬಿಟ್ಟಿತು. ಕತೆ ಮುಗಿಯಿತು ಎಂದೇ ಎಲ್ಲರೂ ಬರೆದರು. ಇವತ್ತು ಬೇಟೆಗೆ, ಕರಡಿ ಇರುವ ಕಾಡಿಗೆ ಹೋಗುವವರು ಅದನ್ನೇ ಕೇಳುತ್ತಾರೆ, ಹೊಸ ಹೊಸ ಪಿಸ್ತೂಲುಗಳು ಬರುತ್ತಿವೆ. ಆ ಬರಗಾಲದಲ್ಲೂ 10 ಎಂಎಂ ನಮ್ಮ ಕಪಾಟಿನಲ್ಲಿ ಇತ್ತು ಎಂಬುದು ಹಳೆಯ ಗ್ರಾಹಕರಿಗೆ ನೆನಪಿದೆ. ಅದರ ಬಗ್ಗೆ ನಮಗೆ ಹೆಮ್ಮೆ ಇದೆ.

ಈಗಾಗಲೇ ನಮ್ಮಿಂದ ಈ ನಾಲ್ಕರಲ್ಲಿ ಯಾವುದನ್ನಾದರೂ ಕೊಂಡವರಿಗೆ ನಮ್ಮ ಮಾತು: ನಿಮ್ಮ ಹೆಸರು ಪಟ್ಟಿಯಲ್ಲಿ ಮೊದಲು ಬರುತ್ತದೆ. ಇಬ್ಬರೇ ಬರೆಸಿದರೂ ತರಿಸುತ್ತೇವೆ, ತಡವಾಗಬಹುದು ಅಷ್ಟೇ. .357 ಸಿಗ್ ಪಿಸ್ತೂಲನ್ನು .40 ಮಾಡಿಕೊಳ್ಳಲು ಬಯಸುವವರಿಗೆ ಬ್ಯಾರೆಲ್ ಬಂದ ದರಕ್ಕೇ ಕೊಡುತ್ತೇವೆ, ಕೂರಿಸಿ ಪರೀಕ್ಷಿಸುವ ಕೂಲಿ ಇಲ್ಲ. ಕಪಾಟಿನಲ್ಲಿ ಉಳಿದಿರುವ ಬಿಡಿ ಡಬ್ಬಿಗಳನ್ನು ಮೊದಲು ಹಳೆಯ ಗ್ರಾಹಕರಿಗೇ ಕೊಡುತ್ತೇವೆ, ಒಬ್ಬರಿಗೆ ಎರಡರಂತೆ.

ಹೆಸರು ಬರೆಸಲು ನಿಮ್ಮ ಲೈಸೆನ್ಸಿನ ಪ್ರತಿ ತನ್ನಿ, ಕಾರ್ಟ್ರಿಜ್ ಯಾವುದು, ಗುಂಡಿನ ತೂಕ ಎಷ್ಟು, ಎಷ್ಟು ಡಬ್ಬಿ ಎಂದು ಬರೆಸಿ. ಮುಂಗಡ ಅರ್ಧ ಸಾಕು. ಮೊದಲ ಪಟ್ಟಿ ತಿಂಗಳ ಕೊನೆಗೆ ಮುಚ್ಚುತ್ತದೆ. ಫೋನಿನಲ್ಲಿ ಜಗಳ ಆಡಿದವರೂ ಬನ್ನಿ, ನಿಮ್ಮ ಹೆಸರನ್ನೂ ಬರೆದುಕೊಳ್ಳುತ್ತೇವೆ.

ನಿಮ್ಮ ವಿಶ್ವಾಸಿ,
ಸಹಕಾರಿ ಅಂಗಡಿಯ ಎಲ್ಲರ ಪರವಾಗಿ