ಕಾಲು ತೆಗೆಯುವ ಮುಂಚೆ ಒಮ್ಮೆ ರಕ್ತದ ಓಟ ನೋಡಲಿ: ಆರೋಗ್ಯ ಸಚಿವರಿಗೆ ಬಹಿರಂಗ ಪತ್ರ

ಕರ್ನಾಟಕದ ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರಿಗೆ ನಮಸ್ಕಾರಗಳು.

ನಮ್ಮೂರು ತುಮಕೂರು ಜಿಲ್ಲೆಯಲ್ಲಿದೆ. ಮನೆಯಿಂದ ಹೊಲಕ್ಕೆ ಹೋಗುವ ದಾರಿಯಲ್ಲಿ ಒಂದು ಹುಣಸೆಮರ ಇದೆ. ಒಂದು ವರ್ಷ ಪೂರ್ತಿ ಅಪ್ಪ ಆ ಮರದ ಕೆಳಗೆ ನಿಂತು ಹೋಗುತ್ತಿದ್ದರು. ಅಲ್ಲಿಗೆ ಬರುವಷ್ಟರಲ್ಲಿ ಬಲಗಾಲಿನ ಮೀನಖಂಡ ಹಿಡಿದುಕೊಳ್ಳುತ್ತಿತ್ತು. ಎರಡು ನಿಮಿಷ ನಿಂತರೆ ಬಿಡುತ್ತಿತ್ತು. ಮತ್ತೆ ಅಷ್ಟೇ ದೂರ ನಡೆದರೆ ಮತ್ತೆ ಅದೇ ನೋವು. ವಯಸ್ಸಾಯ್ತಲ್ಲ, ಅದಕ್ಕೇ ಇರಬೇಕು ಅಂದುಕೊಂಡೆವು. ಪಟ್ಟಣದ ಒಂದು ಕ್ಲಿನಿಕ್ಕಿನಲ್ಲಿ ತೋರಿಸಿದಾಗ "ನರ ವೀಕ್ ಆಗಿದೆ" ಅಂದರು. ಶಕ್ತಿಗೆ ಅಂತ ಇಂಜೆಕ್ಷನ್ ಕೊಟ್ಟು, ವಿಟಮಿನ್ ಮಾತ್ರೆ ಬರೆದರು. ಬೇಸಿಗೆ ಬರುವ ಹೊತ್ತಿಗೆ ಅಪ್ಪನಿಗೆ ಹುಣಸೆಮರದ ತನಕ ಹೋಗೋದೂ ಆಗಲಿಲ್ಲ. ಊರ ಬಾವಿಕಟ್ಟೆ ಹತ್ತಿರವೇ ಕೂತುಬಿಡುತ್ತಿದ್ದರು.

ಈಗ ಅಪ್ಪನಿಗೆ ಮೊಣಕಾಲಿನ ಕೆಳಗೆ ಬಲಗಾಲು ಇಲ್ಲ.

ನಾನು ಸರ್ಕಾರಿ ಶಾಲೆಯಲ್ಲಿ ವಿಜ್ಞಾನ ಹೇಳಿಕೊಡುವ ಶಿಕ್ಷಕಿ. ಮಕ್ಕಳಿಗೆ ಅಪಧಮನಿ, ಅಭಿಧಮನಿ ಅಂತ ಬೋರ್ಡಿನ ಮೇಲೆ ಬರೆದು ತೋರಿಸುತ್ತೇನೆ. ಶಾಲೆಯ ಗೇಟು ದಾಟಿದರೆ ಆ ಮಾತುಗಳನ್ನು ಯಾರೂ ಆಡುವುದಿಲ್ಲ. ನಮ್ಮ ಜನರಿಗೆ ಎಲ್ಲವೂ "ನರ". ಗ್ಲೂಕೋಸ್ ಹಾಕುವಾಗ ನರ್ಸಮ್ಮ ಕೈ ತಟ್ಟಿ "ನರಾನೇ ಸಿಗ್ತಿಲ್ಲ" ಅನ್ನುವುದು ರಕ್ತನಾಳದ ಬಗ್ಗೆ. ಪಾದ ಜೋಮು ಹಿಡಿದರೆ ಅದೂ ನರ. ಮಾತಿನ ಮಟ್ಟಿಗೆ ಇದರಲ್ಲಿ ತಪ್ಪೇನಿಲ್ಲ. ಆದರೆ ರಕ್ತನಾಳ ಕಟ್ಟಿಕೊಂಡು ಬರುವ ನೋವೂ "ನರ ದೌರ್ಬಲ್ಯ"ದ ಲೆಕ್ಕಕ್ಕೆ ಹೋದಾಗ ಕಾಲು ಉಳಿಸಿಕೊಳ್ಳುವ ಕಾಲ ಮುಗಿದುಹೋಗುತ್ತದೆ. ನಡೆದಾಗ ಬಂದು, ನಿಂತಾಗ ಹೋಗುವ ಮೀನಖಂಡದ ನೋವು ಬಹಳ ಸಲ ರಕ್ತ ಸಾಲದ ಸ್ನಾಯುವಿನ ಕೂಗು. ಹೃದಯಕ್ಕೆ ರಕ್ತ ಸಾಲದಾಗ ಎದೆ ನೋಯುತ್ತದಲ್ವಾ, ಹಾಗೆಯೇ ಇದು.

ಆಮೇಲೆ ಹೆಬ್ಬೆರಳಿಗೆ ಚಪ್ಪಲಿ ಕಚ್ಚಿ ಸಣ್ಣ ಗಾಯ ಆಯಿತು. ಒಂದೂವರೆ ತಿಂಗಳು ಡ್ರೆಸ್ಸಿಂಗ್ ಮಾಡಿಸಿದೆವು, ಮಾಯಲಿಲ್ಲ. ಅಪ್ಪನಿಗೆ ಹದಿನಾಲ್ಕು ವರ್ಷದ ಸಕ್ಕರೆ ಕಾಯಿಲೆ, ಅದಕ್ಕಿಂತ ಹಳೆಯದು ಬೀಡಿ. ರಾತ್ರಿ ಮಲಗಿದರೆ ಪಾದ ಉರಿಯುತ್ತಿತ್ತು. ಮಂಚದಿಂದ ಕಾಲು ಇಳಿಬಿಟ್ಟುಕೊಂಡು ಬೆಳಗಿನ ತನಕ ಕೂತೇ ಇರುತ್ತಿದ್ದರು. ಇಳಿಬಿಟ್ಟರೆ ಒಂದಿಷ್ಟು ರಕ್ತವಾದರೂ ಕೆಳಕ್ಕೆ ಹರಿದು ನೋವು ಕಡಿಮೆಯಾಗುತ್ತದೆ ಅಂತ ನನಗೆ ಗೊತ್ತಾಗಿದ್ದು ಎಲ್ಲ ಮುಗಿದ ಮೇಲೆ. ಅಷ್ಟು ದಿನ ಡ್ರೆಸ್ಸಿಂಗ್ ಮಾಡಿದ ಜಾಗದಲ್ಲಿ ಒಬ್ಬರೂ ಪಾದದ ಮೇಲೆ ಎರಡು ಬೆರಳಿಟ್ಟು ನಾಡಿ ನೋಡಲಿಲ್ಲ. ಬೆರಳು ಕಪ್ಪಾದ ಮೇಲೆ ಬೆಂಗಳೂರಿಗೆ ಕರೆದುಕೊಂಡು ಹೋದೆವು.

ಅಲ್ಲಿ ಡಾಕ್ಟರು ಪೆನ್ನಿನಂಥ ಒಂದು ಸಾಧನಕ್ಕೆ ಜೆಲ್ ಹಚ್ಚಿ ಮೊದಲು ಅಪ್ಪನ ಮೊಣಕೈ ಹತ್ತಿರ ಇಟ್ಟರು. ಸುಯ್ ಸುಯ್ ಅಂತ ಜೋರಾಗಿ ಸದ್ದು ಬಂತು. ಎಡಪಾದದ ಮೇಲೆ ಇಟ್ಟಾಗ ಸದ್ದು ಸಣ್ಣದಾಯಿತು. ಬಲಪಾದದ ಮೇಲೆ ಎಲ್ಲಿಟ್ಟರೂ ಸದ್ದೇ ಇಲ್ಲ. ಮಿಷನ್ ಕೆಟ್ಟಿದೆ ಅಂದುಕೊಂಡ ಅಮ್ಮ ಡಾಕ್ಟರ ಮುಖ ನೋಡಿದರು. ಡಾಕ್ಟರು ಏನೂ ಹೇಳದೆ ಅದನ್ನು ಮತ್ತೆ ಕೈ ಮೇಲಿಟ್ಟು ಸದ್ದು ಕೇಳಿಸಿದರು.

ಸ್ವಾಮಿ, ರಕ್ತದ ಓಟವನ್ನು ಸದ್ದಾಗಿ ಕೇಳಿಸುವ ಆ ಸಾಧನದ ಹೆಸರು ಹ್ಯಾಂಡ್ ಡಾಪ್ಲರ್. ಅದರ ಬೆಲೆ ಹೆಚ್ಚುಕಡಿಮೆ ಒಂದು ಸಾಧಾರಣ ಮೊಬೈಲಿನಷ್ಟು. ಅದರ ಜೊತೆ ಬಿಪಿ ಪಟ್ಟಿ ಇದ್ದರೆ ಸಾಕು. ಕಣಕಾಲಿನ ಬಿಪಿಯನ್ನು ಕೈಯ ಬಿಪಿಯಿಂದ ಭಾಗಿಸಬೇಕು. ಆರೋಗ್ಯವಂತರಲ್ಲಿ ಅದು 1ರಿಂದ 1.4ರ ಒಳಗೆ ಇರುತ್ತದೆ. 0.9 ಅಥವಾ ಅದಕ್ಕಿಂತ ಕಡಿಮೆ ಬಂದರೆ ಕಾಲಿನ ರಕ್ತನಾಳ ಕಿರಿದಾಗಿದೆ ಅಂತ ಅರ್ಥ. ಕೈಯಲ್ಲಿ 140, ಕಣಕಾಲಿನಲ್ಲಿ 98 ಇದ್ದರೆ ಭಾಗಲಬ್ಧ 0.7. ಅಪ್ಪನ ಎಡಗಾಲಿನ ಲೆಕ್ಕ ಅದೇ. ನಮ್ಮ ಏಳನೇ ಕ್ಲಾಸಿನ ಮಕ್ಕಳು ಮಾಡುವ ಲೆಕ್ಕ ಇದು. ಹತ್ತು ಹದಿನೈದು ನಿಮಿಷದಲ್ಲಿ ಮುಗಿಯುತ್ತದೆ.

ನಿಮ್ಮ ಇಲಾಖೆ ಒಳ್ಳೆಯ ಕೆಲಸ ಮಾಡಿಲ್ಲ ಅಂತ ನಾನು ಹೇಳುತ್ತಿಲ್ಲ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ನಮ್ಮ ಹಳ್ಳಿಗಳಿಗೆ ದೊಡ್ಡ ಆಸರೆ. ಎದೆನೋವು ಅಂತ ಹೋದವರಿಗೆ ತಾಲ್ಲೂಕು ಆಸ್ಪತ್ರೆಯಲ್ಲೇ ಇಸಿಜಿ ಮಾಡಿ, ರಕ್ತದ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಪುಕ್ಕಟೆ ಕೊಡುತ್ತಾರೆ. 2024ರಲ್ಲಿ ಕೋಲಾರದಿಂದ ಶುರುವಾದ ಗೃಹ ಆರೋಗ್ಯ ಯೋಜನೆಯವರು ಮನೆಗೇ ಬಂದು ಬಿಪಿ, ಶುಗರ್ ನೋಡುತ್ತಾರೆ. ಮನೆ ಬಾಗಿಲಿಗೆ ಬಂದವರು ಪಾದವನ್ನೂ ಒಮ್ಮೆ ಮುಟ್ಟಿ ನೋಡಲಿ ಅನ್ನುವುದಷ್ಟೇ ನನ್ನ ಆಸೆ. ಪಾದದ ಮೇಲೊಂದು ಕಡೆ, ಒಳಗಿನ ಗಿಣ್ಣಿನ ಹಿಂದೊಂದು ಕಡೆ ನಾಡಿ ಸಿಗುತ್ತದೆ. ಸಿಗದಿದ್ದರೆ ಚೀಟಿ ಬರೆದು ಬಿಪಿ, ಶುಗರ್‌ನಂಥ ಕಾಯಿಲೆ ನೋಡುವ ತಾಲ್ಲೂಕು ಆಸ್ಪತ್ರೆಯ ಎನ್‌ಸಿಡಿ ಕ್ಲಿನಿಕ್ಕಿಗೆ ಕಳಿಸಲಿ. ಅಲ್ಲಿ ಡಾಪ್ಲರ್ ಇರಲಿ, ಅದನ್ನು ಹಿಡಿಯಲು ಕಲಿತ ಒಬ್ಬ ನರ್ಸ್ ಇರಲಿ.

ಇದು ಬರೀ ಕಾಲಿನ ಮಾತಲ್ಲ. ಕಾಲಿನ ರಕ್ತನಾಳ ಕಟ್ಟಿಕೊಂಡವರಿಗೆ ಹೃದಯದ, ಮೆದುಳಿನ ರಕ್ತನಾಳಗಳೂ ಕಟ್ಟಿಕೊಳ್ಳುವ ಭಯ ಜಾಸ್ತಿ. ಹುಣಸೆಮರದ ಕೆಳಗೆ ನಿಲ್ಲುತ್ತಿದ್ದಾಗಲೇ ಗೊತ್ತಾಗಿದ್ದರೆ ಅಪ್ಪನಿಗೆ ಬೀಡಿ ಬಿಡಿಸಬಹುದಿತ್ತು. ಕೊಬ್ಬು ಇಳಿಸುವ ಮಾತ್ರೆ, ಆಸ್ಪಿರಿನ್ ಶುರುಮಾಡಬಹುದಿತ್ತು. ದಿನಾ ನೋವು ಬರುವ ತನಕ ನಡೆದು, ನಿಂತು, ಮತ್ತೆ ನಡೆಯುವ ವ್ಯಾಯಾಮವೇ ಈ ಕಾಯಿಲೆಗೆ ಒಂದು ಔಷಧಿ. ಅದಕ್ಕೂ ಬಗ್ಗದಿದ್ದರೆ ಬಲೂನ್ ಹಾಕಿ ನಾಳ ಬಿಡಿಸುವುದು, ಬೈಪಾಸ್ ಮಾಡುವುದು ಇದ್ದೇ ಇದೆ.

ಇನ್ನೊಂದು ವಿಷಯಕ್ಕೆ ದಯವಿಟ್ಟು ಗಮನ ಕೊಡಿ. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಅಧ್ಯಯನದ ಪ್ರಕಾರ ದೇಶದಲ್ಲಿ 10.1 ಕೋಟಿ ಜನರಿಗೆ ಸಕ್ಕರೆ ಕಾಯಿಲೆ ಇದೆ. ಹಳೆಯ ಸಕ್ಕರೆ ಕಾಯಿಲೆಯವರಲ್ಲಿ ರಕ್ತನಾಳದ ಗೋಡೆಯಲ್ಲಿ ಸುಣ್ಣ ಕಟ್ಟಿ ಗಟ್ಟಿಯಾಗುತ್ತದೆ. ಬಿಪಿ ಪಟ್ಟಿ ಎಷ್ಟು ಬಿಗಿದರೂ ಆ ನಾಳ ಅಮುಕುವುದಿಲ್ಲ. ಆಗ ಲೆಕ್ಕ 1.4 ದಾಟಬಹುದು, ಇಲ್ಲವೇ ಎಲ್ಲ ಸರಿಯಿದೆ ಅನ್ನುವ ಹಾಗೆ ಬರಬಹುದು. ಅಂಥವರಿಗೆ ಕಾಲಿನ ಹೆಬ್ಬೆರಳಿನ ಬಿಪಿ ನೋಡಬೇಕಾಗುತ್ತದೆ. ನಮ್ಮ ಹೊಲಗಳಲ್ಲಿ ಬರಿಗಾಲಲ್ಲಿ ನಡೆಯುವ, ಬೀಡಿ ಸೇದುವ, ಹತ್ತಿಪ್ಪತ್ತು ವರ್ಷದಿಂದ ಶುಗರ್ ಇರುವ ಜನರಿಗೆ ಯಾವ ಪರೀಕ್ಷೆ ಎಷ್ಟು ಸರಿಯಾಗಿ ಹೇಳುತ್ತದೆ? ಇದನ್ನು ಇಲ್ಲಿಯ ಜನರ ಕಾಲು ನೋಡಿಯೇ ತಿಳಿಯಬೇಕು. ಬೆಂಗಳೂರಿನಲ್ಲಿ ರಾಜ್ಯ ಸರ್ಕಾರದ್ದೇ ಕರ್ನಾಟಕ ಎಂಡೋಕ್ರೈನಾಲಜಿ ಮತ್ತು ಸಂಶೋಧನಾ ಸಂಸ್ಥೆ ಇದೆ. ಅಲ್ಲಿ ಪಾದದ ಚಿಕಿತ್ಸೆಗೇ ಒಂದು ವಿಭಾಗವೂ ಇದೆ. ಆ ಸಂಸ್ಥೆಗೂ ಜಿಲ್ಲಾ ಆಸ್ಪತ್ರೆಗಳಿಗೂ ಕೊಂಡಿ ಹಾಕಿ, ಹಣ ಕೊಟ್ಟು, ಈ ಸಂಶೋಧನೆ ಮಾಡಿಸಿ. ಜಯದೇವ ಹೃದ್ರೋಗ ಸಂಸ್ಥೆಯ ತಜ್ಞರು ತಾಲ್ಲೂಕಿನ ಇಸಿಜಿ ನೋಡುವ ಹಾಗೆ ಗಾಯದ ಫೋಟೋ, ಡಾಪ್ಲರ್ ಲೆಕ್ಕ ನೋಡಿ ಸಲಹೆ ಕೊಡುವ ತಜ್ಞರು ನಮಗೆ ಬೇಕು. ರಕ್ತನಾಳದ ಸರ್ಜನ್‌ಗಳು ಹೆಚ್ಚಿನವರು ದೊಡ್ಡ ಊರುಗಳಲ್ಲೇ ಇದ್ದಾರೆ. ಅವರೆಲ್ಲ ಹಳ್ಳಿಗೆ ಬರಲಿ ಅಂತ ನಾನು ಕೇಳುತ್ತಿಲ್ಲ. ಹಳ್ಳಿಯ ಕಾಲು ಹೊತ್ತು ಮೀರುವ ಮುಂಚೆ ಅವರ ಕಣ್ಣಿಗೆ ಬೀಳಲಿ.

ಗ್ಯಾಂಗ್ರೀನ್ ಸೋಂಕು ಮೈಗೇರಿ ಜೀವಕ್ಕೇ ಅಪಾಯ ಬಂದಾಗ ಕಾಲು ತೆಗೆಯಲೇಬೇಕಾಗುತ್ತದೆ, ಅದು ನನಗೆ ಗೊತ್ತು. ಅಂಥ ತುರ್ತು ಇಲ್ಲದ ಕಡೆಯಾದರೂ, ರಕ್ತದ ಓಟ ಪರೀಕ್ಷೆ ಮಾಡಿ ಕೇಸ್ ಶೀಟಿನಲ್ಲಿ ಬರೆಯದೆ ಕಾಲು ತೆಗೆಯಬಾರದು ಅಂತ ಒಂದು ಸುತ್ತೋಲೆ ಹೊರಡಿಸಿ. ಸರ್ಕಾರಿ, ಖಾಸಗಿ ಎರಡಕ್ಕೂ ಅದು ಅನ್ವಯಿಸಲಿ.

ಅಪ್ಪ ಈಗ ಕೃತಕ ಕಾಲು ಹಾಕಿಕೊಂಡು ಬಾವಿಕಟ್ಟೆ ತನಕ ನಡೆಯುತ್ತಾರೆ. ಬೀಡಿ ಬಿಟ್ಟಿದ್ದಾರೆ. ಸಂಜೆ ಶಾಲೆಯಿಂದ ಬಂದು ನಾನು ಅವರ ಎಡಪಾದ ಒರೆಸಿ, ಬೆರಳ ಸಂದಿ ನೋಡಿ, ಮೇಲೆ ಎರಡು ಬೆರಳಿಡುತ್ತೇನೆ. "ಐತಾ?" ಅಂತ ಕೇಳುತ್ತಾರೆ. "ಐತಪ್ಪ" ಅನ್ನುತ್ತೇನೆ.

ಮುಂದಿನ ಸಲ ಜಿಲ್ಲಾ ಆರೋಗ್ಯ ಅಧಿಕಾರಿಗಳ ಸಭೆ ನಡೆಸುವಾಗ ದಯವಿಟ್ಟು ಎರಡು ಸಂಖ್ಯೆ ಕೇಳಿ. ಕಳೆದ ವರ್ಷ ನಿಮ್ಮ ಜಿಲ್ಲೆಯಲ್ಲಿ ಎಷ್ಟು ಕಾಲು ತೆಗೆದರು? ಅದರಲ್ಲಿ ಎಷ್ಟಕ್ಕೆ ಮೊದಲು ರಕ್ತದ ಓಟ ನೋಡಿದ್ದರು?

ಇಂತಿ ನಿಮ್ಮ ವಿಶ್ವಾಸಿ,
ತುಮಕೂರು ಜಿಲ್ಲೆಯ ಒಬ್ಬ ಶಿಕ್ಷಕಿ