ದೇವಿಮನೆ ಘಟ್ಟದಲ್ಲಿ ಸಿಕ್ಕ ಅಣ್ಣನಿಗೆ

ಅಣ್ಣಾ, ಅವತ್ತು ನಿಮ್ಮ ಹೆಸರು ಕೇಳಲೇ ಇಲ್ಲ.

ಹೋದ ಆಷಾಢದಲ್ಲಿ ಕುಮಟಾದಿಂದ ಶಿರಸಿಗೆ ಬೈಕಿನಲ್ಲಿ ಬರುತ್ತಿದ್ದೆ. ನಾಲ್ಕು ದಿನದಿಂದ ಬಿಡದ ಮಳೆ. ಘಟ್ಟದ ತಿರುವಿನಲ್ಲಿ ಮೊದಲು ಸಣ್ಣ ಕಲ್ಲು ಉರುಳಿದವು, ಒಂದು ಮರ ವಾಲಿತು, ಆಮೇಲೆ ಧರೆಯೇ ಜಾರಿತು. ಕುತ್ತಿಗೆವರೆಗೆ ಕೆಂಪು ಮಣ್ಣು. ಒದ್ದೆ ಮಣ್ಣು ಎಷ್ಟು ಭಾರ ಅಂತ ಒಳಗೆ ಸಿಕ್ಕಿಕೊಂಡವರಿಗೇ ಗೊತ್ತು. ಉಸಿರು ಬಿಟ್ಟಾಗ ಎದೆ ಕುಗ್ಗುತ್ತದೆ, ಆ ಜಾಗಕ್ಕೂ ಮಣ್ಣು ಬಂದು ಕೂರುತ್ತದೆ. ಮತ್ತೆ ಉಸಿರು ಎಳೆಯಲು ಆಗುವುದಿಲ್ಲ.

ನೀವು ಕಂಬಳಿಕೊಪ್ಪೆ ಹಾಕಿಕೊಂಡು ಓಡಿಬಂದಿರಿ. ಸುಮ್ನೆ ಕೈ ಹಿಡಿದು ಎಳೆಯಲಿಲ್ಲ. ಮೊದಲು ಬೆರಳು ಹಾಕಿ ನನ್ನ ಬಾಯಿ, ಮೂಗಿನ ಮಣ್ಣು ತೆಗೆದಿರಿ. ಆಮೇಲೆ ಎದೆಯ ಸುತ್ತ ಬರಿಗೈಯಲ್ಲೇ ಬಗೆದಿರಿ. ಉಗುರಿನ ಸಂದಿಯಲ್ಲಿ ರಕ್ತ ಬರುತ್ತಿತ್ತು. "ಹೆದ್ರಡ ತಮಾ, ನಿಧಾನ ಉಸ್ರಾಡು" ಅಂದಿರಿ. ನಡುನಡುವೆ ತಲೆ ಎತ್ತಿ ಧರೆ ನೋಡುತ್ತಿದ್ದಿರಿ.

2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ಎಷ್ಟು ಜೀವ ಹೋಯಿತು, ನಮ್ಮ ಜಿಲ್ಲೆಯವರು ಮರೆತಿಲ್ಲ. ಒಮ್ಮೆ ಜಾರಿದ ಧರೆ ಮತ್ತೆ ಜಾರಬಹುದು ಅಂತ ನಿಮಗೂ ಗೊತ್ತಿತ್ತು ಅಲ್ವಾ? ಆದರೂ ನನ್ನ ಕಾಲು ಬಿಡಿಸುವವರೆಗೆ ನೀವು ಅಲ್ಲಿಂದ ಕದಲಲಿಲ್ಲ.

ನಡುಗುತ್ತಿದ್ದ ನನಗೆ ಕೊಪ್ಪೆ ಹೊದೆಸಿದಿರಿ. ಆಂಬುಲೆನ್ಸ್ ಹತ್ತಿ ತಿರುಗಿ ನೋಡಿದರೆ ನೀವಿಲ್ಲ.

ಆಯಿ ಆ ಕೊಪ್ಪೆ ತೊಳೆದು ಒಣಗಿಸಿದ್ದಾಳೆ. ನಮ್ಮ ಮನೆ ಜಗಲಿಯಲ್ಲಿದೆ. ಮಳೆಗಾಲದೊಳಗೆ ಬನ್ನಿ ಅಣ್ಣಾ.