ಗಾಯಾಳು ತಲುಪುವ ಮೊದಲೇ ರಕ್ತನಿಧಿಗೆ ಫೋನ್ ಹೋಗಲಿ

ಮಾನ್ಯ ಸಂಪಾದಕರೇ,

‘ಹೆಚ್ಚಿನ ಚಿಕಿತ್ಸೆಗೆ ಕರೆದೊಯ್ಯುವಾಗ ಮಾರ್ಗಮಧ್ಯೆ ಮೃತಪಟ್ಟರು.’ ಅಪಘಾತದ ಸುದ್ದಿಗಳಲ್ಲಿ ಈ ಸಾಲನ್ನು ಎಷ್ಟು ಸಲ ಓದಿದ್ದೇವೆ, ಅಲ್ವಾ? ನಾನು ತಾಲ್ಲೂಕು ಆಸ್ಪತ್ರೆಯೊಂದರ ಎಮರ್ಜೆನ್ಸಿಯಲ್ಲಿ ಸ್ಟಾಫ್ ನರ್ಸ್. ಆ ‘ಮಾರ್ಗಮಧ್ಯೆ’ಯ ಬಗ್ಗೆಯೇ ಈ ಪತ್ರ.

ಎರಡು ವರ್ಷದ ಹಿಂದೆ ಬೈಕಿನಿಂದ ಬಿದ್ದ ಒಬ್ಬ ಹುಡುಗನನ್ನು ಕರೆತಂದರು. ಹೊರಗೆ ದೊಡ್ಡ ಗಾಯ ಏನೂ ಕಾಣಲಿಲ್ಲ. ಮಾತಾಡುತ್ತಿದ್ದ, ‘ಸಿಸ್ಟರ್, ಸ್ವಲ್ಪ ನೀರು ಕೊಡಿ’ ಅಂತ ಮತ್ತೆ ಮತ್ತೆ ಕೇಳುತ್ತಿದ್ದ. ಕೈ ಹಿಡಿದರೆ ತಣ್ಣಗೆ, ಬೆವರು ಬೇರೆ. ನಾಡಿ 128, ಬಿಪಿ 110/70. ಬಿಪಿ ಸರಿಯಾಗಿದೆ ಅಂತ ಎಲ್ಲರಿಗೂ ಸಮಾಧಾನ, ನನಗೂ. ಚೀಟಿಯಲ್ಲಿ ‘ಬಿಪಿ ನಾರ್ಮಲ್’ ಅಂತ ಬರೆದು 108ರಲ್ಲಿ ಕಳಿಸಿದೆವು. ದೊಡ್ಡಾಸ್ಪತ್ರೆ ಮುಟ್ಟುವ ಹೊತ್ತಿಗೆ ಬಿಪಿಯ ಮೇಲಿನ ಅಂಕಿಯೇ 70ಕ್ಕೆ ಇಳಿದಿತ್ತಂತೆ. ಸೊಂಟದ ಮೂಳೆ ಮುರಿದು ರಕ್ತವೆಲ್ಲ ಒಳಗೇ ಹರಿದಿತ್ತು. ಸ್ಯಾಂಪಲ್ ತೆಗೆಯುವುದು, ಗ್ರೂಪ್ ನೋಡುವುದು, ಅವನ ಅಣ್ಣ ಚೀಟಿ ಹಿಡಿದು ರಕ್ತನಿಧಿಗೆ ಓಡುವುದು, ಎಲ್ಲ ಶುರುವಾಗಿದ್ದು ಆಮೇಲೆ. ಕೊಡುವ ರಕ್ತ ರೋಗಿಯ ರಕ್ತಕ್ಕೆ ಹೊಂದುತ್ತದಾ ಅಂತ ನೋಡುವ ಪೂರ್ತಿ ಕ್ರಾಸ್‌ಮ್ಯಾಚ್‌ಗೆ ಮುಕ್ಕಾಲು ಗಂಟೆ ಹತ್ತಿರ ಬೇಕು. ರಕ್ತ ಹೆಪ್ಪುಗಟ್ಟಲು ಬೇಕಾದ ಪ್ಲಾಸ್ಮಾ (ರಕ್ತದ ದ್ರವಭಾಗ) ಐಸಿನಂತೆ ಗಟ್ಟಿಯಾಗಿರುತ್ತದೆ, ಕರಗಿಸಲು ಅರ್ಧ ಗಂಟೆ. ಹುಡುಗ ಉಳಿಯಲಿಲ್ಲ.

ಬಿಪಿ ಸುಳ್ಳು ಹೇಳಿರಲಿಲ್ಲ, ಆದರೆ ಅದು ಹೇಳುವುದೇ ತಡವಾಗಿ. ಹರೆಯದವರಲ್ಲಿ ಐದು ಲೀಟರ್ ರಕ್ತದಲ್ಲಿ ಒಂದೂವರೆ ಲೀಟರ್ ಹೋದರೂ ಹೃದಯ ಜೋರಾಗಿ ಬಡಿದು, ರಕ್ತನಾಳಗಳು ಬಿಗಿಯಾಗಿ, ಬಿಪಿ ಬೀಳದಂತೆ ತಡೆದುಕೊಳ್ಳುತ್ತವೆ. ಆಮೇಲೆ ಒಮ್ಮೆಲೇ ಕುಸಿಯುತ್ತದೆ. ಅದಕ್ಕೇ ನಾಡಿ, ಬಿಪಿ ಎರಡನ್ನೂ ಜೊತೆಗಿಟ್ಟು ನೋಡಬೇಕು. ನಾಡಿಯನ್ನು ಬಿಪಿಯ ಮೇಲಿನ ಅಂಕಿಯಿಂದ ಭಾಗಿಸಿದರೆ ಬರುವುದು ಶಾಕ್ ಇಂಡೆಕ್ಸ್. ಆರೋಗ್ಯವಂತರಲ್ಲಿ ಅದು 0.5ರಿಂದ 0.7. ಆ ಹುಡುಗನದು ಸುಮಾರು 1.16. ಲೆಕ್ಕ ಹಾಕಲು ಪುರುಸೊತ್ತಿಲ್ಲದಿದ್ದರೆ ಬೇಡ, ನಾಡಿಯ ಅಂಕಿ ಬಿಪಿಯ ಮೇಲಿನ ಅಂಕಿಯನ್ನು ದಾಟಿತು ಅಂದರೆ ರಕ್ತ ಬೇಕಾಗಬಹುದು ಅಂತ ತಿಳಿದುಕೊಂಡರೆ ಸಾಕು.

2009ರಲ್ಲಿ ಅಮೆರಿಕದ ವೈದ್ಯರು ಎಬಿಸಿ ಸ್ಕೋರ್ ಅಂತ ಒಂದನ್ನು ಪ್ರಕಟಿಸಿದರು. ಇರಿತ ಅಥವಾ ಗುಂಡೇಟು ಇದೆಯಾ, ಬಿಪಿ 90 ಅಥವಾ ಕಡಿಮೆಯಾ, ನಾಡಿ 120 ಅಥವಾ ಜಾಸ್ತಿಯಾ, ಸ್ಕ್ಯಾನಿಂಗ್‌ನಲ್ಲಿ ಒಳಗೆ ರಕ್ತ ಕಾಣುತ್ತಿದೆಯಾ? ಎರಡಕ್ಕೆ ಹೌದು ಅಂದರೆ ತುಂಬಾ ರಕ್ತ ಬೇಕಾಗಬಹುದು. ಒಳ್ಳೆಯದೇ, ಆದರೆ ನಮ್ಮ ರಸ್ತೆಗಳಲ್ಲಿ ಇರಿತ, ಗುಂಡೇಟು ಎಲ್ಲಿಂದ ಬರಬೇಕು? ಆ ಹುಡುಗನಿಗೆ ನಾವು ನೋಡಿದ್ದರಲ್ಲಿ ಒಂದೇ ಹೌದು ಸಿಗುತ್ತಿತ್ತು. ಹಾಗಾಗಿ ನಮಗೆ ಶಾಕ್ ಇಂಡೆಕ್ಸೇ ಹತ್ತಿರ ಅಂತ ನನ್ನ ಅನುಭವ. ಅದೂ ತಪ್ಪಬಹುದು. ನೋವಿಗೂ ಭಯಕ್ಕೂ ನಾಡಿ ಏರುತ್ತದೆ. ಕೆಲವು ಬಿಪಿ ಮಾತ್ರೆ ತಗೊಳ್ಳುವ ವಯಸ್ಸಾದವರಲ್ಲಿ ರಕ್ತ ಹೋದರೂ ಏರುವುದಿಲ್ಲ.

ಹೀಗೆ ಅಂದಾಜಿನ ಮೇಲೆ ರಕ್ತನಿಧಿಗೆ ಮೊದಲೇ ಫೋನ್ ಮಾಡಿ, ಅಂದಾಜು ತಪ್ಪಿದರೆ ರಕ್ತ ಸುಮ್ನೆ ಹಾಳಲ್ವಾ ಅಂತ ಕೇಳುತ್ತಾರೆ. ಗ್ರೂಪ್ ಗೊತ್ತಾಗುವ ಮೊದಲೇ ತುರ್ತಿಗೆ ಕೊಡುವ ಓ ಗುಂಪಿನ ರಕ್ತ ಎರಡು ಬ್ಯಾಗ್ ರಕ್ತನಿಧಿಯ ಫ್ರಿಜ್‌ನಲ್ಲೇ ಪಕ್ಕಕ್ಕಿಡಿ ಅಂತ ಹೇಳಿದ ಮಾತ್ರಕ್ಕೆ ಹಾಳಾಗುವುದಿಲ್ಲ. ಬೇಡವಾದರೆ ಅಲ್ಲೇ ಇರುತ್ತದೆ, ಇನ್ನೊಬ್ಬರಿಗೆ ಆಗುತ್ತದೆ. ಆಂಬುಲೆನ್ಸ್ ದಾರಿಯಲ್ಲಿರುವ ಆ ಒಂದು ಗಂಟೆ ಮಾತ್ರ ವಾಪಸ್ ಬರುವುದಿಲ್ಲ.

ಈಗ ನಾನು ರೆಫರಲ್ ಚೀಟಿಯ ಮೇಲೆ ನಾಡಿ, ಬಿಪಿ ಎರಡನ್ನೂ ಕೆಂಪು ಪೆನ್ನಲ್ಲಿ ದೊಡ್ಡದಾಗಿ ಬರೆಯುತ್ತೇನೆ. ಗಾಡಿ ಗೇಟು ದಾಟುವ ಮೊದಲೇ ಆ ಕಡೆ ಫೋನ್ ಮಾಡುತ್ತೇನೆ. ಹಗಲು ಯಾರಾದರೂ ಎತ್ತುತ್ತಾರೆ. ರಾತ್ರಿ ಎಷ್ಟೋ ಸಲ ರಿಂಗ್ ಆಗಿ ಕಟ್ ಆಗುತ್ತದೆ. ಆರೋಗ್ಯ ಇಲಾಖೆಯವರು ಪ್ರತಿ ಜಿಲ್ಲೆಯ ರಕ್ತನಿಧಿಯಲ್ಲಿ ರಾತ್ರಿ ಎರಡು ಗಂಟೆಗೂ ಎತ್ತುವ ಒಂದು ನಂಬರ್ ಕೊಡಲಿ, ಅದನ್ನು ಎಲ್ಲ ತಾಲ್ಲೂಕು ಆಸ್ಪತ್ರೆಗಳ ಎಮರ್ಜೆನ್ಸಿ ಗೋಡೆಗೂ 108ರ ಒಳಗೂ ಅಂಟಿಸಲಿ.

– ಒಬ್ಬ ಸ್ಟಾಫ್ ನರ್ಸ್